ತಾಯಿಯ ಹೆಸರಿಲ್ಲದ ವಂಶಾವಳಿ

ಶಾಲೆಯಲ್ಲಿ ಮೇಷ್ಟ್ರು ‘ನಾಳೆ ಎಲ್ಲರೂ ನಿಮ್ಮ ನಿಮ್ಮ ವಂಶವೃಕ್ಷ ಬರೆದುಕೊಂಡು ಬನ್ನಿ’ ಎಂದರೆ ಸಾಕು, ಅಂದು ಸಂಜೆ ಮನೆ ಮನೆಯಲ್ಲೂ ಒಂದು ಬಗೆಯ ಗಡಿಬಿಡಿ ಶುರುವಾಗುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ಹೆಸರು ಸರಾಗವಾಗಿ ಬರುತ್ತವೆ. ಮುತ್ತಜ್ಜ ಶ್ಯಾನುಭೋಗಿಕೆ ಮಾಡುತ್ತಿದ್ದರು, ಅವರಿಗೆ ಇಷ್ಟು ಎಕರೆ ಗದ್ದೆಯಿತ್ತು, ಊರಿನವರೆಲ್ಲ ಎದ್ದು ನಿಲ್ಲುತ್ತಿದ್ದರು ಎಂದು ಅಪ್ಪ ಉತ್ಸಾಹದಿಂದ ಹೇಳುತ್ತಾರೆ. ಆಗ ಮಗು ಪೆನ್ಸಿಲ್ ಹಿಡಿದುಕೊಂಡೇ ಕೇಳುತ್ತದೆ: ‘ಅವರ ಹೆಂಡತಿ ಹೆಸರೇನಪ್ಪಾ?’

ಅಪ್ಪ ತಲೆ ಕೆರೆದುಕೊಳ್ಳುತ್ತಾರೆ. ‘ಎಲ್ಲರೂ ದೊಡ್ಡಜ್ಜಿ ದೊಡ್ಡಜ್ಜಿ ಅಂತಿದ್ರು ಕಣೋ...’ ಎನ್ನುತ್ತಾರೆ. ಅಡುಗೆಮನೆಯಿಂದ ಅಮ್ಮ ‘ನಮ್ಮ ಕಡೆಯವರ ಹೆಸರು ಬರೆಯೋದಿಲ್ವಾ?’ ಎಂದು ಕೇಳುತ್ತಾರೆ. ಹಾಳೆಯಲ್ಲಿ ಜಾಗವಿರುವುದಿಲ್ಲ. ಮರುದಿನ ಶಾಲೆಗೆ ಹೋಗುವ ವಂಶವೃಕ್ಷದಲ್ಲಿ ಗಂಡಸರ ಹೆಸರುಗಳಷ್ಟೇ ಇರುತ್ತವೆ, ಗಂಡು ಕೊಂಬೆಗಳು ಮಾತ್ರ ಬೆಳೆಯುವ ವಿಚಿತ್ರವಾದ ಮರದ ಹಾಗೆ.

ಇದು ಸಾಮಾನ್ಯರ ಮನೆಯ ಸಂಗತಿ ಮಾತ್ರವಲ್ಲ. ಚರಿತ್ರೆಯಲ್ಲಿ ಹೆಸರು ಮಾಡಿದ, ಸ್ವತಃ ಪುಸ್ತಕ ಬರೆದ, ಬೇರೆಯವರ ವಂಶಾವಳಿಗಳನ್ನು ಆಸ್ಥೆಯಿಂದ ಕೂಡಿಸಿದ ಒಬ್ಬ ಮನುಷ್ಯನೂ ಹೀಗೆಯೇ ಮಾಡಿದ. ಅವನು ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಕುದುರೆ ಸವಾರ ಜೇಮ್ಸ್ ಸ್ಕಿನ್ನರ್. ಉತ್ತರ ಹಿಂದುಸ್ತಾನದ ಜನ ಅವನನ್ನು ‘ಸಿಕಂದರ್ ಸಾಹೇಬ’ ಎಂದು ಕರೆಯುತ್ತಿದ್ದರು. ಅವನ ಮನೆತನದ ಕಥೆ ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ಒಟ್ಟಿಗೆ ಕುಳಿತು ಓದಬೇಕಾದಂಥದು.

ತಂದೆಯ ಕಡೆ, ತಾಯಿಯ ಕಡೆ

ಜೇಮ್ಸ್ ಹುಟ್ಟಿದ್ದು 1778ರಲ್ಲಿ. ತಂದೆ ಹರ್ಕ್ಯುಲಿಸ್ ಸ್ಕಿನ್ನರ್ ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿ. ತಾಯಿ ಬನಾರಸ್ ಸೀಮೆಯ ಒಬ್ಬ ರಜಪೂತ ಜಮೀನುದಾರನ ಮಗಳು. ಹದಿನಾಲ್ಕು ವರ್ಷದ ಹುಡುಗಿಯಾಗಿದ್ದಾಗ ಒಂದು ಯುದ್ಧದಲ್ಲಿ ಸೆರೆಸಿಕ್ಕಿದವಳು. ಕೊನೆಗೆ ಆಕೆ ಹರ್ಕ್ಯುಲಿಸ್‌ನ ಮನೆ ಸೇರಿದಳು. ಆರು ಮಕ್ಕಳಾದವು: ಮೂರು ಗಂಡು, ಮೂರು ಹೆಣ್ಣು.

ಜೇಮ್ಸ್ ತನ್ನ ನೆನಪುಗಳನ್ನು ಬರೆದಿಟ್ಟಿದ್ದ. ಅವನು ತೀರಿಕೊಂಡ ಮೇಲೆ, 1851ರಲ್ಲಿ, ಜೇಮ್ಸ್ ಬೇಲಿ ಫ್ರೇಸರ್ ಎಂಬಾತ ಅವನ್ನು ಪುಸ್ತಕವಾಗಿ ಹೊರತಂದ. ತಾಯಿ ಯಾವ ಕುಲದವಳು, ಯಾರ ಮಗಳು, ಎಲ್ಲಿ ಸೆರೆಸಿಕ್ಕಿದಳು ಎಂಬುದೆಲ್ಲ ಆ ನೆನಪುಗಳಲ್ಲಿದೆ. ಹೆಸರು ಮಾತ್ರ ಇಲ್ಲ.

ಅಲ್ಲಿ ಇನ್ನೊಂದು ತೊಡಕೂ ಇದೆ. ತಾಯಿ ಸೆರೆಸಿಕ್ಕಿದ್ದು ಬನಾರಸಿನ ರಾಜ ಚೇತ್ ಸಿಂಗನ ಯುದ್ಧದಲ್ಲಿ ಎಂದು ಮಗ ಹೇಳುತ್ತಾನೆ. ವಾರನ್ ಹೇಸ್ಟಿಂಗ್ಸ್ ಹೆಚ್ಚು ಹಣಕ್ಕಾಗಿ ಪೀಡಿಸಿದಾಗ ಚೇತ್ ಸಿಂಗ್ ತಿರುಗಿಬಿದ್ದದ್ದು 1781ರಲ್ಲಿ. ಆ ಹೊತ್ತಿಗೆ ಜೇಮ್ಸ್ ಮೂರು ವರ್ಷದ ಕೂಸು. ಮಗ ಹುಟ್ಟಿ ಮೂರು ವರ್ಷವಾದ ಮೇಲೆ ತಾಯಿ ಹದಿನಾಲ್ಕರ ಹುಡುಗಿಯಾಗಿ ಸೆರೆಸಿಕ್ಕುವುದು ಸಾಧ್ಯವೇ? ಲೆಕ್ಕ ಕೂಡುವುದಿಲ್ಲ.

ಹಾಗಾದರೆ ಮಗ ಸುಳ್ಳು ಹೇಳಿದನೇ? ಹಾಗೆನ್ನಬೇಕಾಗಿಲ್ಲ. ಹಳ್ಳಿಯ ಹಿರಿಯರನ್ನು ‘ನೀವು ಹುಟ್ಟಿದ್ದು ಯಾವಾಗ?’ ಎಂದು ಕೇಳಿದರೆ ‘ದೊಡ್ಡ ಬರ ಬಂತಲ್ಲ, ಆಗ’ ಎನ್ನುತ್ತಿದ್ದರು. ‘ಪ್ಲೇಗು ಬಂದು ಊರು ಬಿಟ್ಟ ವರ್ಷ’ ಎನ್ನುತ್ತಿದ್ದರು. ಊರಿನ ದೊಡ್ಡ ಘಟನೆಯೊಂದು ಹತ್ತಿರದ ಚಿಕ್ಕ ಘಟನೆಗಳನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಚೇತ್ ಸಿಂಗನ ಯುದ್ಧಕ್ಕೆ ಮುಂಚಿನ ಯಾವುದೋ ಚಿಕ್ಕ ಕಾದಾಟದ ನೆನಪು ಈ ದೊಡ್ಡ ಹೆಸರಿಗೆ ಅಂಟಿಕೊಂಡಿರಬಹುದು. ಮನೆತನದ ಕಥೆಗಳನ್ನು ಪ್ರೀತಿಯಿಂದ ಕೇಳಬೇಕು. ಕೇಳಿದ ಮೇಲೆ ಇಸವಿಗಳನ್ನು ಪಕ್ಕಪಕ್ಕ ಬರೆದು ಕೂಡಿ ಕಳೆದು ನೋಡಬೇಕು. ಎರಡೂ ಮಾಡಿದಾಗಲೇ ಅದು ಚರಿತ್ರೆ.

ತಾಯಿಯ ಅಂತ್ಯ ದುಃಖದ್ದು. 1790ರಲ್ಲಿ ತಂದೆ ಹೆಣ್ಣುಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸಲು ನಿಶ್ಚಯಿಸಿದ. ಪರದೆಯಿಂದ ಹೊರಗೆ ಹೋದರೆ ತನ್ನ ಕುಲದ ಮಾನ ಹೋಯಿತೆಂದು ತಾಯಿ ತಿಳಿದಳು. ಆಕೆಯ ಮಾತು ನಡೆಯಲಿಲ್ಲ. ಆಕೆ ತನ್ನ ಕೈಯಾರೆ ಪ್ರಾಣ ಬಿಟ್ಟಳು. ಮಕ್ಕಳು ಓದಲಿ ಎಂದ ತಂದೆಯ ಆಸೆ ತಪ್ಪಲ್ಲ. ಆದರೆ ಎಲ್ಲಿಂದಲೋ ಕಿತ್ತು ತಂದ ಒಂದು ಜೀವಕ್ಕೆ ಆ ಮಕ್ಕಳು ಮತ್ತು ಆ ಪರದೆ ಎರಡೇ ತನ್ನವು ಎನಿಸಿದ್ದಿರಬೇಕು ಎಂಬುದನ್ನು ಆ ಮನೆಯಲ್ಲಿ ಯಾರೂ ಕುಳಿತು ಯೋಚಿಸಿದಂತೆ ಕಾಣುವುದಿಲ್ಲ. ಆಗ ಜೇಮ್ಸ್‌ಗೆ ಹನ್ನೆರಡು ವರ್ಷ.

ನಾಲ್ಕಾಣೆಯ ಪ್ರಯಾಣ

ತಾಯಿ ಹೋದ ಮರುವರ್ಷವೇ ಇನ್ನೊಂದು ಬಾಗಿಲು ಮುಚ್ಚಿತು. 1791ರಲ್ಲಿ ಕಂಪನಿಯ ನಿರ್ದೇಶಕರು ಲಂಡನ್ನಿನಲ್ಲಿ ಕುಳಿತು, ಭಾರತೀಯ ತಾಯಿಗೆ ಹುಟ್ಟಿದ ಮಗನನ್ನು ಕಂಪನಿಯ ಸಿವಿಲ್, ಸೈನಿಕ ಅಥವಾ ನೌಕಾ ಹುದ್ದೆಗಳಿಗೆ ನೇಮಿಸಕೂಡದೆಂದು ಗೊತ್ತುವಳಿ ಮಾಡಿದರು. 1795ರಲ್ಲಿ ನಿಯಮ ಮತ್ತೂ ಬಿಗಿಯಾಯಿತು. ತಂದೆತಾಯಿ ಇಬ್ಬರೂ ಯುರೋಪಿಯನ್ನರಲ್ಲದವರಿಗೆ ಸೈನ್ಯದಲ್ಲಿ ಉಳಿದದ್ದು ಕೊಳಲು ಊದುವ, ಡೋಲು ಬಾರಿಸುವ, ಬ್ಯಾಂಡಿನಲ್ಲಿ ನುಡಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳು ಮಾತ್ರ. ಅಪ್ಪ ಅಧಿಕಾರಿಯಾಗಿದ್ದ ಸೈನ್ಯದಲ್ಲಿ ಮಗನಿಗೆ ಜಾಗವಿರಲಿಲ್ಲ. ಕಾರಣ ಅವನ ತಾಯಿ.

1795ರಲ್ಲಿ ತಂದೆ ಜೇಮ್ಸ್‌ನನ್ನು ಕಲ್ಕತ್ತೆಯ ಒಂದು ಮುದ್ರಣಾಲಯದಲ್ಲಿ ಏಳು ವರ್ಷದ ಕರಾರಿನ ಮೇಲೆ ಕೆಲಸ ಕಲಿಯಲು ಬಿಟ್ಟ. ಹುಡುಗ ಕೆಲವೇ ದಿನಗಳಲ್ಲಿ ರಾತ್ರಿ ಹೊತ್ತು ಓಡಿಹೋದ. ಜೇಬಿನಲ್ಲಿದ್ದದ್ದು ನಾಲ್ಕಾಣೆ. ಅದು ಮುಗಿಯುವವರೆಗೂ ಬಜಾರಿನಲ್ಲಿ ಅಲೆದ. ಮುಗಿದ ಮೇಲೆ ಮೂಟೆ ಹೊತ್ತ, ಬಡಗಿಗಳ ಹತ್ತಿರ ಬೈರಿಗೆಯ ಹಗ್ಗ ಎಳೆದ. ಅಕ್ಕನ ಮನೆಯ ಆಳೊಬ್ಬ ಗುರುತು ಹಿಡಿದು ಕರೆದೊಯ್ಯುವವರೆಗೂ ಹೀಗೇ ನಡೆಯಿತು. ಅಲ್ಲಿ ವಕೀಲರ ಕಾಗದಪತ್ರ ನಕಲು ಮಾಡುವ ಕೆಲಸಕ್ಕೆ ಕೂರಿಸಿದರು. ಅದೂ ಹಿಡಿಸಲಿಲ್ಲ. ಹುಡುಗನ ಮನಸ್ಸು ಕುದುರೆಯ ಮೇಲೆಯೇ ಇತ್ತು.

ಕೊನೆಗೆ ಮನೆಗೆ ಬೇಕಾದ ಹಿರಿಯ ಅಧಿಕಾರಿಯೊಬ್ಬರು ಅವನ ಕಷ್ಟ ತಿಳಿದು, ಖರ್ಚಿಗೆ ಹಣ ಕೊಟ್ಟು ಉತ್ತರಕ್ಕೆ ಕಳುಹಿಸಿದರು. ಆಗ ಮರಾಠಾ ಸರದಾರ ಸಿಂಧಿಯಾನ ಸೈನ್ಯವನ್ನು ದ ಬ್ವಾನ್ ಎಂಬ ಸೇನಾನಿ ಯುರೋಪಿಯನ್ ಮಾದರಿಯಲ್ಲಿ ಕಟ್ಟಿದ್ದ. ಕಂಪನಿ ಮುಚ್ಚಿದ ಬಾಗಿಲನ್ನು ಸಿಂಧಿಯಾನ ಸೈನ್ಯ ತೆರೆಯಿತು. ಹದಿನೇಳು ಹದಿನೆಂಟರ ಹುಡುಗ ಅಲ್ಲಿ ಅಧಿಕಾರಿಯಾಗಿ ಸೇರಿದ.

ಒಂದು ಗುಟುಕು ನೀರು

ಇಸವಿ 1800. ಈಗಿನ ರಾಜಸ್ಥಾನದ ಉನಿಯಾರ ಎಂಬಲ್ಲಿ ನಡೆದ ಕಾಳಗದಲ್ಲಿ ಸ್ಕಿನ್ನರ್‌ನ ಪಡೆ ಸೋತಿತು. ತೊಡೆಯ ಸಂದಿಗೆ ಗುಂಡು ತಗುಲಿ ಅವನು ನೆಲಕ್ಕುರುಳಿದ. ಸುತ್ತಲೂ ಸತ್ತವರು, ಸಾಯುತ್ತಿರುವವರು. ಗಾಯಗೊಂಡವರ ಕೂಗೆಲ್ಲ ಒಂದೇ, ನೀರು. ಬದುಕಿ ಉಳಿದರೆ ಒಂದು ಚರ್ಚು ಕಟ್ಟಿಸುತ್ತೇನೆಂದು ಅವನು ಅಲ್ಲಿ ಬಿದ್ದುಕೊಂಡೇ ಹರಕೆ ಹೊತ್ತ.

ಆ ರಣಭೂಮಿಗೆ ಒಬ್ಬ ಮುದುಕ, ಒಬ್ಬಳು ಹೆಂಗಸು ಬಂದರು. ಒಬ್ಬರ ಕೈಯಲ್ಲಿ ಬುಟ್ಟಿ, ಇನ್ನೊಬ್ಬರ ಕೈಯಲ್ಲಿ ನೀರಿನ ಮಡಕೆ. ಅವರು ಚರ್ಮದ ಕೆಲಸ ಮಾಡುವ ಕುಲದವರು. ಮುಟ್ಟಬಾರದವರೆಂದು ಊರು ದೂರವಿಟ್ಟಿದ್ದ ಜನ. ಬಿದ್ದಿದ್ದ ಪ್ರತಿಯೊಬ್ಬನಿಗೂ ಒಂದು ಚೂರು ಜೋಳದ ರೊಟ್ಟಿ, ಕುಡಿಯಲು ನೀರು ಕೊಡುತ್ತಾ ಹೋದರು. ಇವನು ಯಾವ ಪಕ್ಷದವನು, ಯಾವ ಜಾತಿಯವನು ಎಂದು ಕೇಳಲಿಲ್ಲ. ಸ್ಕಿನ್ನರ್ ತಿಂದು, ಕುಡಿದು ಜೀವ ಹಿಡಿದುಕೊಂಡ.

ಅವನ ಹತ್ತಿರವೇ ಕಾಲಿಗೆ ಭಾರಿ ಗಾಯವಾಗಿದ್ದ ಒಬ್ಬ ರಜಪೂತ ಸುಬೇದಾರ ಬಿದ್ದಿದ್ದ. ಅವನು ಮಾತ್ರ ಆ ನೀರು ಮುಟ್ಟಲಿಲ್ಲ. ಹೇಗೂ ಸಾಯುವವನು, ಕುಲಧರ್ಮ ಬಿಟ್ಟು ಏಕೆ ಸಾಯಲಿ ಎಂಬುದು ಅವನ ನಿಲುವು.

ಈ ದೃಶ್ಯವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸ್ಕಿನ್ನರ್‌ನ ತಾಯಿಯ ರಕ್ತ ಕೀಳೆಂದು ಕಂಪನಿ ಅವನನ್ನು ದೂರವಿಟ್ಟಿತ್ತು. ಆ ತಾಯಿಯ ಕುಲದವನೇ ಆದ ರಜಪೂತ ಸುಬೇದಾರನಿಗೆ ನೀರು ತಂದ ಹೆಂಗಸಿನ ಕುಲ ಕೀಳಾಗಿ ಕಂಡಿತು. ಮೇಲಿನವನು ಕೆಳಗೆ ನೂಕುತ್ತಾನೆ. ನೂಕಿಸಿಕೊಂಡವನು ಇನ್ನೂ ಕೆಳಗೆ ಒಬ್ಬನನ್ನು ಹುಡುಕಿಕೊಳ್ಳುತ್ತಾನೆ. ಬಾಯಾರಿಕೆಗೆ ಮಾತ್ರ ಈ ಮೆಟ್ಟಿಲುಗಳ ಲೆಕ್ಕ ತಿಳಿಯುವುದಿಲ್ಲ.

ಗುಣವಾದ ಮೇಲೆ ಸ್ಕಿನ್ನರ್ ಆ ಹೆಂಗಸಿಗೆ ಸಾವಿರ ರೂಪಾಯಿ ಕಳುಹಿಸಿದ. ಹೆತ್ತ ತಾಯಿ ಒಮ್ಮೆ ಜೀವ ಕೊಟ್ಟಿದ್ದಳು. ಇವಳು ಇನ್ನೊಮ್ಮೆ ಕೊಟ್ಟಳು. ಇವಳ ಹೆಸರೂ ಚರಿತ್ರೆಯ ಪುಟಗಳಲ್ಲಿ ಪ್ರಸಿದ್ಧವಾಗಲಿಲ್ಲ.

ಹಳದಿ ಅಂಗಿಯ ಸವಾರರು

1803ರಲ್ಲಿ ಕಂಪನಿಗೂ ಮರಾಠರಿಗೂ ಯುದ್ಧ ಬಂತು. ದ ಬ್ವಾನ್‌ನ ನಂತರ ಸಿಂಧಿಯಾನ ಸೈನ್ಯದ ಮುಖ್ಯಸ್ಥನಾಗಿದ್ದ ಪೆರಾನ್, ಬ್ರಿಟಿಷ್ ಮೂಲದ ಅಧಿಕಾರಿಗಳನ್ನೆಲ್ಲ ಕೆಲಸದಿಂದ ತೆಗೆದ. ಉಳಿಯುತ್ತೇನೆ ಎಂದರೂ ಸ್ಕಿನ್ನರ್‌ನನ್ನು ನಂಬಲಿಲ್ಲ. ಎಂಟು ವರ್ಷದ ಹಿಂದೆ ತಾಯಿಯ ಕಾರಣಕ್ಕೆ ಒಂದು ಸೈನ್ಯ ಬೇಡವೆಂದಿತ್ತು. ಈಗ ತಂದೆಯ ಕಾರಣಕ್ಕೆ ಇನ್ನೊಂದು ಸೈನ್ಯ ಬೇಡವೆಂದಿತು.

ಅವನು ಕಂಪನಿಯ ಸೇನಾಪತಿ ಲಾರ್ಡ್ ಲೇಕ್‌ನ ಪಾಳೆಯಕ್ಕೆ ಬಂದ. ಉಪ್ಪು ಉಂಡ ಸಿಂಧಿಯಾನ ವಿರುದ್ಧ ತನ್ನನ್ನು ಯುದ್ಧಕ್ಕೆ ಕಳುಹಿಸಬಾರದೆಂಬ ಮಾತು ಪಡೆದುಕೊಂಡೇ ಕೆಲಸ ಒಪ್ಪಿದ. ಅದೇ ಸೆಪ್ಟೆಂಬರಿನಲ್ಲಿ ದೆಹಲಿಯ ಕಾಳಗ ಮುಗಿದ ಮೇಲೆ ಪೆರಾನ್‌ನ ಸುಮಾರು ಎರಡು ಸಾವಿರ ಹಿಂದುಸ್ತಾನಿ ಸವಾರರು ಕಂಪನಿಯ ಕಡೆ ಬಂದರು. ನಾಯಕ ಯಾರು ಬೇಕೆಂದು ಕೇಳಿದಾಗ ಅವರು ಹೇಳಿದ್ದು ಸಿಕಂದರ್ ಸಾಹೇಬನ ಹೆಸರು. ಹೀಗೆ ‘ಸ್ಕಿನ್ನರ್ಸ್ ಹಾರ್ಸ್’ ಎಂಬ ದಳ ಹುಟ್ಟಿತು. ಈಗಿನ ಹರಿಯಾಣದ ಹಾನ್ಸಿ ಅದರ ನೆಲೆ. ಅವರು ತೊಡುತ್ತಿದ್ದ ಹಳದಿ ಅಂಗಿಯೇ ಅವರ ಗುರುತು. ಪ್ರಾಣದ ಹಂಗು ತೊರೆದು ಹೊರಡುವ ರಜಪೂತರು ಕೇಸರಿ ಬಟ್ಟೆ ಉಡುತ್ತಿದ್ದುದರಿಂದ ಆ ಬಣ್ಣ ಬಂತೆಂದು ದಳದವರು ಹೇಳಿಕೊಳ್ಳುತ್ತಾರೆ. ಅದು ನಿಜವಾದರೆ, ಹೆಸರಿಲ್ಲದ ಆ ತಾಯಿಯ ಗುರುತು ಮಗನ ಸೈನಿಕರ ಮೈಮೇಲೆ ಉಳಿಯಿತೆನ್ನಬಹುದು.

ಈ ದಳ ಕಂಪನಿಯ ಸಾಮಾನ್ಯ ಸೈನ್ಯದಂತಿರಲಿಲ್ಲ. ಇದು ‘ಸಿಲ್ಲೇದಾರಿ’ ಪದ್ಧತಿಯದು. ಸವಾರ ತನ್ನದೇ ಕುದುರೆ, ಜೀನು, ಕತ್ತಿ ತರಬೇಕು. ಸರ್ಕಾರ ತಿಂಗಳಿಗೆ ಇಷ್ಟೆಂದು ಹಣ ಕೊಡುತ್ತದೆ. ಅದರಲ್ಲೇ ಅವನು ತನ್ನ ಹೊಟ್ಟೆಯನ್ನೂ ಕುದುರೆಯ ಹೊಟ್ಟೆಯನ್ನೂ ನೋಡಿಕೊಳ್ಳಬೇಕು. ಕುದುರೆ ಸತ್ತರೆ ನಷ್ಟ ಅವನದೇ. ದಳದಲ್ಲಿನ ಜಾಗಕ್ಕೆ ‘ಅಸಾಮಿ’ ಎಂದು ಹೆಸರು. ಆ ಅಸಾಮಿಗೆ ಬೆಲೆಯಿತ್ತು. ಹೊಲಮನೆಯ ಹಾಗೆ ಅದು ತಂದೆಯಿಂದ ಮಗನಿಗೆ ಹೋಗುತ್ತಿತ್ತು. ಸ್ವಂತ ಕುದುರೆ ಇಲ್ಲದವನು ಬೇರೆಯವರ ಕುದುರೆ ಏರಿ ದುಡಿದರೆ ಅವನು ‘ಬಾರಗೀರ’. ಆದ್ದರಿಂದ ಇಂಥ ದಳಗಳಲ್ಲಿ ಒಂದೇ ಮನೆತನದವರು ತಲೆಮಾರುಗಟ್ಟಲೆ ಸೇವೆ ಮಾಡುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಸಮುದ್ರದಾಚೆ ಹೋರಾಡುವ ಸೈನಿಕ ತನ್ನ ಕುದುರೆಯನ್ನು ತಾನೇ ಒದಗಿಸಿಕೊಳ್ಳುವುದು ಆಗದ ಮಾತಾಗಿ, ಯುದ್ಧಾನಂತರ ಈ ಪದ್ಧತಿಯೇ ನಿಂತುಹೋಯಿತು.

ಕನ್ನಡ ನಾಡಿಗೂ ಈ ಮಾತುಗಳು ಹೊಸವಲ್ಲ. ಮೈಸೂರು ಸಂಸ್ಥಾನದಲ್ಲಿಯೂ ಸಿಲ್ಲೇದಾರ್ ಸವಾರರ ಪಡೆ ಇತ್ತು. ಬೆಂಗಳೂರಿನ ಶೇಷಾದ್ರಿಪುರದಲ್ಲಿ ರಿಸಾಲ್ದಾರ್ ಹೆಸರಿನ ಬೀದಿಯಿದೆ. ಜಮಾದಾರ, ಸುಬೇದಾರ, ಕಿಲ್ಲೇದಾರ, ರಿಸಾಲ್ದಾರ ಎಂಬ ಮನೆತನದ ಹೆಸರುಗಳು ಉತ್ತರ ಕರ್ನಾಟಕದ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ಈಗಲೂ ಕಾಣುತ್ತವೆ. ಅಂಥ ಹೆಸರಿನ ಹುಡುಗನೊಬ್ಬ ಮನೆಗೆ ಹೋಗಿ ‘ನಮಗೆ ಈ ಹೆಸರು ಹೇಗೆ ಬಂತು?’ ಎಂದು ಕೇಳಿದರೆ ಯಾವ ಕಥೆ ಹೊರಡುವುದೋ ಬಲ್ಲವರಾರು!

ರಕ್ತ ಮತ್ತು ಲೆಕ್ಕ

ಸ್ಕಿನ್ನರ್ ದೊಡ್ಡವನಾದ. 1826ರಲ್ಲಿ ಮುಗಿದ ಭರತಪುರದ ಮುತ್ತಿಗೆಯ ನಂತರ ಅವನಿಗೆ ಬ್ರಿಟಿಷ್ ದೊರೆಯ ಬಿರುದೂ ಲೆಫ್ಟಿನೆಂಟ್ ಕರ್ನಲ್ ಪದವಿಯೂ ಬಂದವು. ಯಾವ ತಾಯಿಯ ಕಾರಣಕ್ಕೆ ಬಾಗಿಲು ಹಾಕಿದ್ದರೋ ಅದೇ ತಾಯಿಯ ಮಗನಿಗೆ ಬಾಗಿಲು ತೆರೆಯಬೇಕಾಯಿತು. ಉನಿಯಾರದ ಹರಕೆಯನ್ನೂ ಅವನು ಮರೆಯಲಿಲ್ಲ. ದೆಹಲಿಯ ಕಾಶ್ಮೀರಿ ಗೇಟಿನ ಬಳಿ ಅವನು ಕಟ್ಟಿಸಿದ, ಗುಮ್ಮಟವುಳ್ಳ ಸೇಂಟ್ ಜೇಮ್ಸ್ ಚರ್ಚು 1836ರಲ್ಲಿ ಆರಾಧನೆಗೆ ತೆರೆಯಿತು.

ಅವನು ಪಾರಸಿಯಲ್ಲಿ ಪುಸ್ತಕಗಳನ್ನೂ ರಚಿಸಿದ. 1825ರ ‘ತಶ್ರೀಹ್ ಅಲ್ ಅಖ್ವಾಮ್’ ಆ ಸೀಮೆಯ ಜಾತಿ, ಕಸುಬುಗಳ ಸಚಿತ್ರ ವಿವರಣೆ. 1830ರ ‘ತಜ್ಕಿರತ್ ಅಲ್ ಉಮರಾ’ ರಾಜಸ್ಥಾನ, ಪಂಜಾಬಿನ ಕಡೆಯ ಅರಸು ಮನೆತನಗಳ ಚರಿತ್ರೆ. ಎಷ್ಟೋ ರಾಜರ ವಂಶಾವಳಿ ಬರೆದವನು ತನ್ನ ತಾಯಿಗಾಗಿ ಒಂದು ಹೆಸರಿನಷ್ಟು ಶಾಯಿ ಖರ್ಚು ಮಾಡಲಿಲ್ಲ. ಅದನ್ನು ಉಪೇಕ್ಷೆ ಎನ್ನಲೂ ಆಗದು. ಮನೆಯ ಹೆಂಗಸರ ಹೆಸರನ್ನು ಹೊರಗೆ ಆಡಬಾರದೆಂಬ ಕಾಲ ಅದು, ಗೌರವವೆಂದೇ ಬಿಟ್ಟಿರಬಹುದು. ಆದರೆ ಗೌರವದಿಂದ ಬಿಟ್ಟರೂ ತಾತ್ಸಾರದಿಂದ ಬಿಟ್ಟರೂ ಇನ್ನೂರು ವರ್ಷಗಳ ನಂತರ ಓದುವವರಿಗೆ ಸಿಗುವುದು ಖಾಲಿ ಜಾಗವೇ.

ಕಂಪನಿಯ ನಿರ್ದೇಶಕರು ‘ರಕ್ತ’ದ ಮೇಲೆ ಕಾನೂನು ಮಾಡಿದಾಗ ಆನುವಂಶಿಕತೆ ಎಂದರೇನೆಂದು ಯಾರಿಗೂ ತಿಳಿದಿರಲಿಲ್ಲ. ಮೆಂಡೆಲ್ ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಕಟವಾದದ್ದು 1866ರಲ್ಲಿ, ಸ್ಕಿನ್ನರ್ ತೀರಿಕೊಂಡು ಇಪ್ಪತ್ತೈದು ವರ್ಷಗಳಾದ ಮೇಲೆ. ಇಂದು ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಗೊತ್ತು: ತಂದೆಯಿಂದ 23 ವರ್ಣತಂತುಗಳು, ತಾಯಿಯಿಂದ 23. ಗುಣಗಳು ಬರುವುದು ರಕ್ತದ ಮೂಲಕವಲ್ಲ. ‘ಅರ್ಧ ಜಾತಿ’ಯ ಮನುಷ್ಯ ಎಂಬುವನು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ, ಪ್ರತಿಯೊಬ್ಬನೂ ಇಬ್ಬರ ಅರ್ಧರ್ಧ ಸೇರಿದ ಒಬ್ಬ ಪೂರ್ಣ ಮನುಷ್ಯ.

ಇನ್ನೊಂದು ಸ್ವಾರಸ್ಯವಿದೆ. ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯ ಎಂಬ ಕಣಗಳಿಗೆ ತಮ್ಮದೇ ಆದ ಚಿಕ್ಕ ಡಿ.ಎನ್.ಎ. ಇದೆ. ಅದು ಬರುವುದು ತಾಯಿಯಿಂದ. ಗಂಡುಮಕ್ಕಳಿಗೂ ಬರುತ್ತದೆ, ಆದರೆ ಅವರು ಅದನ್ನು ಮುಂದಕ್ಕೆ ಕೊಡಲಾರರು. ಹೆಣ್ಣುಮಕ್ಕಳಷ್ಟೇ ಕೊಡಬಲ್ಲರು. ಕಾಗದದ ವಂಶಾವಳಿ ಗಂಡಸರ ಗೆರೆಯನ್ನೇ ಹಿಡಿದು ಹೋದರೆ, ದೇಹದೊಳಗಿನ ಈ ವಂಶಾವಳಿ ಹೆಂಗಸರ ಗೆರೆಯನ್ನು ಬಿಡುವುದಿಲ್ಲ. ಬನಾರಸಿನ ಆ ತಾಯಿಯ ಆ ಗುರುತು ಜೇಮ್ಸ್‌ನ ಮೈಯಲ್ಲಿತ್ತು. ಮುಂದೆ ಸಾಗಿಸುವ ಶಕ್ತಿ ಇದ್ದದ್ದು ಅವನ ಸೋದರಿಯರಿಗೆ.

ಲೆಕ್ಕವನ್ನೂ ಮಾಡಿ ನೋಡಬಹುದು. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ 1,024 ಸ್ಥಾನಗಳು. ಸಂಬಂಧದಲ್ಲೇ ಮದುವೆಯಾಗಿದ್ದರೆ ಒಂದೇ ಹೆಸರು ಎರಡು ಕಡೆ ಬಂದು ಸಂಖ್ಯೆ ಕಡಿಮೆಯಾಗಬಹುದು. ಆದರೂ ಆ ಸ್ಥಾನಗಳಲ್ಲಿ 512 ಹೆಂಗಸರವು. ‘ನಮ್ಮದು ಶುದ್ಧ ವಂಶ’ ಎನ್ನುವವನು ಈ ಸಾವಿರದಲ್ಲಿ ಎಷ್ಟು ಜನರನ್ನು ಬಲ್ಲ? ಹೆಚ್ಚೆಂದರೆ ಹತ್ತೋ ಹನ್ನೆರಡೋ. ಬರದಲ್ಲಿ ಊರು ಬಿಟ್ಟು ಬಂದವರು, ಯುದ್ಧದಲ್ಲಿ ಸಿಕ್ಕವರು, ಯಾರದೋ ಕೈಯ ನೀರು ಕುಡಿದು ಬದುಕಿದವರು ಉಳಿದವರಲ್ಲಿ ಎಷ್ಟು ಮಂದಿಯೋ.

ಬರೆದಿಡುವ ಕೆಲಸ

ಸ್ಕಿನ್ನರ್ 1841ರ ಡಿಸೆಂಬರಿನಲ್ಲಿ ಹಾನ್ಸಿಯಲ್ಲಿ ತೀರಿಕೊಂಡ. ಮರುತಿಂಗಳು ಅವನ ದೇಹವನ್ನು ದೆಹಲಿಗೆ ತಂದು ಅವನೇ ಕಟ್ಟಿಸಿದ ಚರ್ಚಿನಲ್ಲಿ ಸಮಾಧಿ ಮಾಡಿದರು. ಅವನ ಮನೆಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಪದ್ಧತಿಗಳು ಕೂಡಿಯೇ ಇದ್ದವು. ಅವನಿಗೆ ಹದಿನಾಲ್ಕು ಮಂದಿ ಹೆಂಡಿರೆಂದು ಜನ ಹೇಳಿದರು, ಏಳೇ ಎಂದು ಮನೆಯವರು ಹೇಳಿದರು. ಹೆಂಗಸರ ವಿಷಯದಲ್ಲಿ ಎಣಿಕೆಯೇ ನಿಖರವಾಗಿ ಉಳಿಯಲಿಲ್ಲ. ಅವನ ದಳ ಮಾತ್ರ ಉಳಿಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಕುದುರೆ ಬಿಟ್ಟು ಯಂತ್ರದ ಗಾಡಿಗಳನ್ನೇರಿದ ಆ ದಳ ಈಗಲೂ ಭಾರತೀಯ ಸೈನ್ಯದಲ್ಲಿ ಅದೇ ಹೆಸರಿನಿಂದ ಇದೆ. 1960ರ ದಶಕದ ಮೊದಲಲ್ಲಿ ಅದೇ ವಂಶದ ಅಧಿಕಾರಿಯೊಬ್ಬರು ಅದರ ಮುಖ್ಯಸ್ಥರಾಗಿದ್ದರು.

ಮನೆತನದ ಚರಿತ್ರೆ ಬರೆಯಲು ಚರ್ಚು ಕಟ್ಟಿಸಬೇಕಾಗಿಲ್ಲ, ಯುದ್ಧ ಗೆಲ್ಲಬೇಕಾಗಿಲ್ಲ. ಒಂದು ನೂರು ಪುಟದ ನೋಟುಬುಕ್ಕು, ಒಂದು ಭಾನುವಾರದ ಮಧ್ಯಾಹ್ನ ಸಾಕು. ಎಡಪುಟದಲ್ಲಿ ಅಪ್ಪನ ಕಡೆಯವರು, ಬಲಪುಟದಲ್ಲಿ ಅಮ್ಮನ ಕಡೆಯವರು. ಹೆಸರು, ತವರೂರು, ತಿಳಿದಷ್ಟು ಇಸವಿ, ಮಾಡುತ್ತಿದ್ದ ಕೆಲಸ. ಅಜ್ಜಿ ಹೇಳಿದ್ದು ಯಾವುದು, ಪತ್ರದಲ್ಲಿ ಕಂಡದ್ದು ಯಾವುದು ಎಂದು ಬೇರೆ ಬೇರೆ ಗುರುತು ಹಾಕಬೇಕು. ಲೆಕ್ಕ ಕೂಡದ ಕಡೆ ಒಂದು ಪ್ರಶ್ನೆಚಿಹ್ನೆ ಇಟ್ಟರೆ ಅವಮಾನವೇನಿಲ್ಲ. ಕಷ್ಟದಲ್ಲಿ ಆ ಮನೆಗೆ ಅನ್ನ ನೀರು ಕೊಟ್ಟವರ ಹೆಸರಿಗೂ, ಅವರು ಯಾರೇ ಆಗಿರಲಿ, ಒಂದು ಪುಟ ಇರಲಿ.

ತಂದೆತಾಯಂದಿರು ಇದಕ್ಕೆ ಸಮಯ ಮಾಡಿಕೊಡಬೇಕು. ಮನೆಯ ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ಮೊಮ್ಮಗು ‘ಅಜ್ಜಿ, ನಿಮ್ಮ ಅಮ್ಮನ ಹೆಸರೇನು?’ ಎಂದು ಕೇಳಿದಾಗ ಆಕೆಯ ಮುಖ ಅರಳುವುದನ್ನು ನೋಡಬೇಕು. ಎಷ್ಟೋ ವರ್ಷಗಳಿಂದ ಯಾರೂ ಕೇಳದೆ ಇದ್ದ ಪ್ರಶ್ನೆ ಅದು. ಉತ್ತರ ಬಲ್ಲವರು ಆ ಮನೆಯಲ್ಲಿ ಆಕೆಯೊಬ್ಬರೇ ಇರಬಹುದು. ಆದ್ದರಿಂದ ಅದನ್ನು ಈ ವಾರವೇ ಕೇಳುವುದು ಒಳ್ಳೆಯದು.